ವೇಬ್ರಿಡ್ಜ್ ಕೋಣೆಯಲ್ಲಿ ವೈನ್: ಲಿನಕ್ಸ್ ಮೇಲೆ ವಿಂಡೋಸ್ ತಂತ್ರಾಂಶ ಓಡಿಸಿ ನೋಡಿದ್ದು

ಗಂಗಾವತಿಯ ರೈಸ್ ಮಿಲ್ಲೊಂದರ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ಭತ್ತದ ಗಾಡಿಗಳನ್ನು ತೂಗುವ ನಮ್ಮ ವೇಬ್ರಿಡ್ಜ್ ಕೋಣೆಯಲ್ಲಿರುವುದು ನಾಲ್ಕನೇ ತಲೆಮಾರಿನ ಐ3 ಯಂತ್ರ. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಅದರಲ್ಲಿಲ್ಲ, ಅದರ ಪ್ರೊಸೆಸರ್ ಕೂಡ ಮೈಕ್ರೋಸಾಫ್ಟಿನ ಪಟ್ಟಿಯಲ್ಲಿಲ್ಲ. ಯಂತ್ರ ಮಾತ್ರ ಗಟ್ಟಿಮುಟ್ಟಾಗಿತ್ತು. ಕೊಯ್ಲು ಶುರುವಾಗಲು ಕೆಲವೇ ವಾರಗಳಿದ್ದಾಗ ಉಚಿತ ಕಾರ್ಯಾಚರಣಾ ವ್ಯವಸ್ಥೆಯಾದ ಲಿನಕ್ಸ್ ಹಾಕೋಣವೆಂದು ನಾನು ಹೇಳಿದಾಗ, ಸಾಹುಕಾರರು ಎರಡು ಷರತ್ತು ಹಾಕಿ ಒಪ್ಪಿದರು: ತೂಕದ ತಂತ್ರಾಂಶ ಈಗಿರುವಂತೆಯೇ ಇರಬೇಕು, ಮತ್ತು ವಿಂಡೋಸ್ ಇರುವ ಹಳೆಯ ಹಾರ್ಡ್ ಡಿಸ್ಕನ್ನು ಅಳಿಸದೆ ಬಿಚ್ಚಿ ಗಲ್ಲಾಪೆಟ್ಟಿಗೆಯಲ್ಲಿ ಇಡಬೇಕು. ಆ ತಂತ್ರಾಂಶ ವಿಷುಯಲ್ ಬೇಸಿಕ್ 6 ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು, ಅದರ ಲೆಕ್ಕವೆಲ್ಲ ಮೈಕ್ರೋಸಾಫ್ಟಿನ ದತ್ತಾಂಶ ತಂತ್ರಾಂಶವಾದ ಆ್ಯಕ್ಸೆಸ್‌ನ ಕಡತವೊಂದರಲ್ಲಿದೆ, ಮತ್ತು ಅದನ್ನು ಬರೆದುಕೊಟ್ಟವರು ಈಗ ಆ ವ್ಯವಹಾರದಲ್ಲೇ ಇಲ್ಲ. ಹೀಗಾಗಿ ಲಿನಕ್ಸಿಗಾಗಿ ಬೇರೆ ಬರೆಸಿಕೊಳ್ಳುವ ಮಾತೇ ಇರಲಿಲ್ಲ.

ಮೊದಲು ಹಿಡಿದದ್ದು ವೈನ್. 1993ರಲ್ಲಿ ಆರಂಭವಾದ ಈ ಮುಕ್ತ ತಂತ್ರಾಂಶ 1.0 ಆವೃತ್ತಿಯನ್ನು ಮುಟ್ಟಲು 2008ರವರೆಗೆ, ಅಂದರೆ ಹದಿನೈದು ವರ್ಷ ತೆಗೆದುಕೊಂಡಿತು. 1994ರಿಂದ ಅದರ ಹೊಣೆ ಹೊತ್ತಿರುವವರು ಅಲೆಕ್ಸಾಂಡರ್ ಜೂಲಿಯಾರ್. ವೈನ್ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ಸೃಷ್ಟಿಸುವುದಿಲ್ಲ. ವಿಂಡೋಸ್ ತಂತ್ರಾಂಶ ‘ಈ ಕಡತ ತೆರೆ’, ‘ಈ ಕಿಟಕಿ ಬಿಡಿಸು’ ಎಂದು ಕೇಳಿದಾಗಲೆಲ್ಲ ಆ ಕೋರಿಕೆಯನ್ನು ಲಿನಕ್ಸಿಗೆ ತಿಳಿಯುವಂತೆ ಆಗಿಂದಾಗಲೇ ಬದಲಿಸಿ ಒಪ್ಪಿಸುತ್ತದೆ. ಕ್ಯಾಂಪುಗಳಿಂದ ಭತ್ತ ತರುವ ತೆಲುಗು ರೈತರ ಮಾತನ್ನು ಹಮಾಲರಿಗೆ ಕನ್ನಡದಲ್ಲಿ ದಾಟಿಸುವ ನಮ್ಮ ಮೇಸ್ತ್ರಿ ಮಾಡುವುದೂ ಇಂಥದೇ ಕೆಲಸ. ಆದ್ದರಿಂದ ವಿಂಡೋಸಿನ ಪರವಾನಗಿ ಬೇಕಿಲ್ಲ, ಹೆಚ್ಚು ಮೆಮೊರಿಯೂ ಬೇಕಿಲ್ಲ. ನಮ್ಮ 4 ಜಿಬಿ ಯಂತ್ರಕ್ಕೆ ಅದು ಭಾರವೆನಿಸಲಿಲ್ಲ.

ಲಿನಕ್ಸಿನ ಬಗೆಗಳಲ್ಲೊಂದಾದ, ನನ್ನ ಬಳಿ ಇದ್ದ ಉಬುಂಟು 22.04ನ್ನೇ ಹಾಕಿದೆ. ಅದರ ಸ್ವಂತ ತಂತ್ರಾಂಶ ಭಂಡಾರದಲ್ಲಿ ಸಿಗುವ ವೈನ್ 6.0.3 ಹಳೆಯದಾದ್ದರಿಂದ, ವೈನ್ ಯೋಜನೆಯವರೇ ಆಗ ಕೊಡುತ್ತಿದ್ದ 10.0 ಸ್ಥಿರ ಆವೃತ್ತಿಯನ್ನು ಇಳಿಸಿಕೊಂಡೆ. ಇಲ್ಲಿ ಮೊದಲ ತಪ್ಪು ನನ್ನದೇ. ವೈನ್ ತಾನಾಗಿ ಕಟ್ಟಿಕೊಳ್ಳುವ ಸಿ ಡ್ರೈವ್ 64 ಬಿಟ್‌ನದಾಗಿರುತ್ತದೆ, ಆದರೆ ವಿಷುಯಲ್ ಬೇಸಿಕ್ ತಂತ್ರಾಂಶಗಳು ಆ್ಯಕ್ಸೆಸ್ ಕಡತವನ್ನು ಓದಲು ಬಳಸುವ ಹಳೆಯ ಜೆಟ್ ಮತ್ತು ಎಂಡ್ಯಾಕ್ ಘಟಕಗಳು 32 ಬಿಟ್ ವ್ಯವಸ್ಥೆಯನ್ನು ಬೇಡುತ್ತವೆ. ಅದನ್ನು ಗಮನಿಸದೆ ಅರ್ಧ ದಿನ ದೋಷದ ಸಂದೇಶಗಳನ್ನು ಓದುತ್ತ ಕುಳಿತೆ. ಕೊನೆಗೆ ಎಲ್ಲವನ್ನೂ ಅಳಿಸಿ, 32 ಬಿಟ್ ಎಂದು ಮೊದಲೇ ಹೇಳಿ ಹೊಸದಾಗಿ ಕಟ್ಟಿ, ವೈನ್‌ಟ್ರಿಕ್ಸ್ ಎಂಬ ಸಹಾಯಕದ ಮೂಲಕ ಆ ಘಟಕಗಳನ್ನು ಸೇರಿಸಿದ ಮೇಲೆ ತಂತ್ರಾಂಶ ತೆರೆಯಿತು, ಹಳೆಯ ವರ್ಷಗಳ ತೂಕದ ದಾಖಲೆಗಳೂ ಕಾಣಿಸಿಕೊಂಡವು.

ತೂಕ ಮಾತ್ರ ಸೊನ್ನೆಯಲ್ಲೇ ನಿಂತಿತ್ತು.

ವೇಬ್ರಿಡ್ಜಿನ ಅಂಕಿಪೆಟ್ಟಿಗೆ ತನ್ನ ಓದನ್ನು ಸೀರಿಯಲ್ ತಂತಿಯಲ್ಲಿ ಅಕ್ಷರಗಳಾಗಿ ಬಿಡುವಿಲ್ಲದೆ ಕಳಿಸುತ್ತಿರುತ್ತದೆ. ನಾವು ಅದನ್ನು ಯುಎಸ್‌ಬಿ ಪರಿವರ್ತಕದ ಮೂಲಕ ಕಂಪ್ಯೂಟರಿಗೆ ಜೋಡಿಸಿದ್ದೇವೆ. ಪೇಟೆಯಲ್ಲಿ ಅಗ್ಗವಾಗಿ ಸಿಗುವ ಸಿಎಚ್340 ಚಿಪ್ಪಿನ ಪರಿವರ್ತಕವನ್ನು ಉಬುಂಟು 22.04ರಲ್ಲಿರುವ ಬಿಆರ್‌ಎಲ್‌ಟಿಟಿವೈ ಎಂಬ ಸೇವೆ, ಅಂಧರು ಬಳಸುವ ಬ್ರೈಲ್ ಸಾಧನವೆಂದು ತಿಳಿದು ತನ್ನ ವಶಕ್ಕೆ ತೆಗೆದುಕೊಂಡುಬಿಡುತ್ತದೆ. ನಮ್ಮಲ್ಲಿ ಬ್ರೈಲ್ ಸಾಧನವಿಲ್ಲದ್ದರಿಂದ ಆ ಸೇವೆಯನ್ನು ತೆಗೆದೆ. ಬಳಕೆದಾರನನ್ನು, ಸೀರಿಯಲ್ ಪೋರ್ಟ್ ಬಳಸಲು ಅನುಮತಿಯಿರುವ ಡಯಲೌಟ್ ಗುಂಪಿಗೆ ಸೇರಿಸಿ, ಒಮ್ಮೆ ಲಾಗೌಟ್ ಆಗಿ ಬಂದೆ. ಆಗಲೂ ಸೊನ್ನೆಯೇ. ಉಬುಂಟುವಿನಲ್ಲಿ ಹೆಸರಿಗಷ್ಟೇ ಇರುವ ಮೂವತ್ತೆರಡು ಹಳೆಯ ಸೀರಿಯಲ್ ಪೋರ್ಟುಗಳಿಗೆ ವೈನ್ ವಿಂಡೋಸಿನ ರೀತಿಯಲ್ಲಿ ಕಾಮ್1ರಿಂದ ಕಾಮ್32ರವರೆಗಿನ ಹೆಸರುಗಳನ್ನು ಹಂಚಿಬಿಡುತ್ತದೆ, ಹಾಗಾಗಿ ನಿಜವಾಗಿ ತಂತಿ ಸೇರಿರುವ ಯುಎಸ್‌ಬಿ ಪೋರ್ಟು ಕಾಮ್33 ಆಗುತ್ತದೆ. ನಮ್ಮ ತಂತ್ರಾಂಶದಲ್ಲಾದರೋ ಆರಿಸಿಕೊಳ್ಳಲು ಇರುವುದು ಕಾಮ್1ರಿಂದ ಕಾಮ್4 ಮಾತ್ರ. ವೈನ್‌ನ ಸಂಯೋಜನೆಗಳನ್ನು ಇಡುವ ರಿಜಿಸ್ಟ್ರಿಯಲ್ಲಿ ಪೋರ್ಟ್ಸ್ ಎಂಬ ಕೀಲಿಯಡಿ ಕಾಮ್1 ಎಂದರೆ ಈ ಯುಎಸ್‌ಬಿ ಪೋರ್ಟು ಎಂದು ಒಂದು ಸಾಲು ಬರೆದು, ವೈನ್ ಸರ್ವರನ್ನು ನಿಲ್ಲಿಸಿ ಮತ್ತೆ ತೆರೆದಾಗ, ಹೊರಗೆ ನಿಂತಿದ್ದ ಖಾಲಿ ಟ್ರಾಲಿಯ ತೂಕ ಪರದೆಯ ಮೇಲೆ ಮೂಡಿತು. ಈ ಒಂದು ಸಾಲನ್ನು ಕಂಡುಕೊಳ್ಳಲು ಎರಡು ಸಂಜೆ ಹೋದವು. ವೈನ್‌ನ ಬಗ್ಗೆ ನನ್ನ ಅಭಿಪ್ರಾಯವೂ ಇದರಲ್ಲೇ ಇದೆ: ದಾರಿ ಇರುತ್ತದೆ, ಆದರೆ ಅದನ್ನು ಅದು ತಾನಾಗಿ ತೋರಿಸುವುದಿಲ್ಲ.

ಇದಕ್ಕಿಂತ ಹೆಚ್ಚು ಅಪಾಯಕಾರಿಯಾದ ದೋಷವನ್ನು ಹಿಡಿದವರು ನಮ್ಮ ಗುಮಾಸ್ತರು. ಡಿಸೆಂಬರ್ ಮೊದಲ ವಾರದಲ್ಲಿ ಒಂದು ತೂಕದ ಚೀಟಿಯನ್ನು ಕೈಯಲ್ಲಿ ಹಿಡಿದು ಬಂದು, “ಸರ್, ತಾರೀಖು ಉಲ್ಟಾ ಬಿದ್ದೈತ್ರಿ, ನೋಡ್ರಿ” ಎಂದರು. ಡಿಸೆಂಬರ್ 5 ಇರಬೇಕಾದಲ್ಲಿ 12/05 ಎಂದು ಅಚ್ಚಾಗಿತ್ತು. ದಿನಾಂಕದ ಕ್ರಮವನ್ನು ವೈನ್ ಲಿನಕ್ಸಿನ ಭಾಷಾ ವ್ಯವಸ್ಥೆಯಿಂದ ಪಡೆಯುತ್ತದೆ, ನಾನು ಉಬುಂಟು ಹಾಕುವಾಗ ಅಮೆರಿಕದ ಇಂಗ್ಲಿಷನ್ನು ಹಾಗೆಯೇ ಬಿಟ್ಟಿದ್ದೆ. ಭಾರತದ ಇಂಗ್ಲಿಷಿಗೆ ಬದಲಿಸಿದೊಡನೆ ಹೊಸ ಚೀಟಿಗಳು ಸರಿಯಾದವು, ಆದರೆ ಹಿಂದಿನ ಐದು ದಿನಗಳ ದಾಖಲೆಗಳನ್ನು ಕೈಯಿಂದಲೇ ತಿದ್ದಬೇಕಾಯಿತು. 75 ಕೆಜಿ ಚೀಲದ ಲೆಕ್ಕದಲ್ಲಿ ರೈತರಿಗೆ ಹಣ ಪಾವತಿಸುವ ಕಡೆ ತಿಂಗಳು ತಿರುವುಮುರುವಾದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ವೈನ್ ಮೇಲೆ ಲೆಕ್ಕದ ಯಾವುದೇ ತಂತ್ರಾಂಶ ಓಡಿಸುವವರು ಮೊದಲ ದಿನವೇ ದಿನಾಂಕವನ್ನು ಪರೀಕ್ಷಿಸಬೇಕು, ಅದೂ ತಿಂಗಳ 12ನೇ ತಾರೀಖಿನ ಒಳಗಿನ ದಿನವನ್ನು ಕೊಟ್ಟು. ಮುದ್ರಣದಲ್ಲಿ ತೊಂದರೆಯಾಗಲಿಲ್ಲ, ಲಿನಕ್ಸಿನಲ್ಲಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಕೆಲಸ ಮಾಡಿದರೆ ವೈನ್‌ನಲ್ಲೂ ಮಾಡುತ್ತದೆ.

ಆಫೀಸಿನ ಕಥೆ ಬೇರೆ. ಅಲ್ಲಿ ಡಿಜಿಟಲ್ ಸಹಿ ಹಾಕಲು ಯುಎಸ್‌ಬಿಗೆ ಚುಚ್ಚುವ ಡಿಎಸ್‌ಸಿ ಟೋಕನ್ ಇದೆ, ಮತ್ತು ನಮಗೆ ಅದನ್ನು ಕೊಟ್ಟವರು ಒದಗಿಸಿದ ಚಾಲಕ ತಂತ್ರಾಂಶ ವಿಂಡೋಸಿಗೆ ಮಾತ್ರ. ಯಂತ್ರಾಂಶದ ವಿಂಡೋಸ್ ಚಾಲಕಗಳನ್ನು ವೈನ್ ಮೇಲೆ ಕೂರಿಸಲು ಹೆಣಗುವುದು ಕಾಲಹರಣವೆಂದು ನಾನು ಆ ಪ್ರಯತ್ನಕ್ಕೇ ಇಳಿಯಲಿಲ್ಲ. ಅಲ್ಲಿನ 16 ಜಿಬಿಯ ಹೊಸ ಯಂತ್ರದಲ್ಲಿ ಲಿನಕ್ಸ್ ಮೇಲೆ, ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ಸೃಷ್ಟಿಸುವ ವರ್ಚುವಲ್‌ಬಾಕ್ಸ್ ಹಾಕಿ, ಅದರೊಳಗೆ ಹಣ ಕೊಟ್ಟು ಕೊಂಡ ವಿಂಡೋಸ್ 11ನ್ನು ಕೂರಿಸಿದೆ. ವರ್ಚುವಲ್‌ಬಾಕ್ಸ್ 7.0 ಆವೃತ್ತಿಯಿಂದ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟನ್ನು ಅನುಕರಿಸುವ ಸೌಲಭ್ಯವಿರುವುದರಿಂದ ವಿಂಡೋಸ್ ತಕರಾರಿಲ್ಲದೆ ಕೂತಿತು. ಬಳಕೆದಾರನನ್ನು ವಿಬಾಕ್ಸ್‌ಯೂಸರ್ಸ್ ಗುಂಪಿಗೆ ಸೇರಿಸಿ ಟೋಕನ್ನಿಗೆ ಯುಎಸ್‌ಬಿ ಫಿಲ್ಟರ್ ಕೊಟ್ಟರೆ, ಟೋಕನ್ ಚುಚ್ಚಿದ ಕೂಡಲೇ ಒಳಗಿನ ವಿಂಡೋಸಿಗೆ ಹೋಗುತ್ತದೆ.

ವರ್ಚುವಲ್‌ಬಾಕ್ಸ್ ಬಳಸುವ ವ್ಯಾಪಾರಸ್ಥರು ಒಂದು ವಿಷಯವನ್ನು ತಿಳಿದಿರಲೇಬೇಕು. ಮೂಲ ತಂತ್ರಾಂಶ ಮುಕ್ತವಾದದ್ದು. ಆದರೆ ಅದರ ಜೊತೆಗೆ ಒರಾಕಲ್ ಬೇರೆಯಾಗಿ ಕೊಡುವ ಎಕ್ಸ್‌ಟೆನ್ಷನ್ ಪ್ಯಾಕ್ ವೈಯಕ್ತಿಕ ಬಳಕೆಗೆ ಉಚಿತವೇ ಹೊರತು ಮಿಲ್ಲಿನಂತಹ ವ್ಯವಹಾರಕ್ಕಲ್ಲ. ಹಿಂದೆ ಯುಎಸ್‌ಬಿ 2 ಮತ್ತು 3ಕ್ಕಾಗಿ ಆ ಪ್ಯಾಕ್ ಬೇಕಾಗುತ್ತಿದ್ದರಿಂದ ಅನೇಕರು ಯೋಚಿಸದೆ ಅದನ್ನು ಹಾಕಿಕೊಳ್ಳುತ್ತಿದ್ದರು. 7.0ರ ನಂತರ ಆ ಸೌಲಭ್ಯ ಮೂಲ ತಂತ್ರಾಂಶದಲ್ಲೇ ಬಂದಿದೆ, ಹಾಗಾಗಿ ಪ್ಯಾಕನ್ನು ಮುಟ್ಟದಿರುವುದೇ ಲೇಸು. ವೇಗದ ವಿಷಯದಲ್ಲಿ ದೂರಿಲ್ಲ, ಆದರೆ ಎಸ್‌ಎಸ್‌ಡಿ ಇಲ್ಲದ ಯಂತ್ರದಲ್ಲಿ ಇದನ್ನು ಮಾಡಬಾರದು. ತೂಕದ ಕೋಣೆಯಲ್ಲೂ ಇದನ್ನೇ ಹಾಕಬಹುದಿತ್ತಲ್ಲ ಎಂದು ಕೇಳಿದವರಿದ್ದಾರೆ. ಕರೆಂಟು ಹೋಗಿ ಬಂದಾಗಲೆಲ್ಲ ಎರಡು ಕಾರ್ಯಾಚರಣಾ ವ್ಯವಸ್ಥೆಗಳು ಒಂದರ ಹಿಂದೊಂದು ಏಳುವವರೆಗೆ ಗೇಟಿನಿಂದ ರಸ್ತೆಯವರೆಗೆ ಟ್ರಾಕ್ಟರುಗಳು ನಿಂತಿರುತ್ತವೆ.

ವೈನ್ ಮೇಲೆಯೇ ಕಟ್ಟಿರುವ, ಹಣ ಕೊಟ್ಟು ಕೊಳ್ಳಬೇಕಾದ ಕ್ರಾಸ್‌ಓವರನ್ನೂ ಅದರ ಪ್ರಯೋಗಾವಧಿಯಲ್ಲಿ ನೋಡಿದೆ. ಅದರ ತಯಾರಕರಾದ ಕೋಡ್‌ವೀವರ್ಸ್ ವೈನ್ ಯೋಜನೆಗೇ ಬಹಳಷ್ಟು ಕೆಲಸ ಮಾಡಿಕೊಡುತ್ತಾರೆಂಬುದು ಕೊಳ್ಳಲು ಒಳ್ಳೆಯ ಕಾರಣವೇ. ಆದರೆ ಅದು ಸುಲಭಗೊಳಿಸುವುದು ಹೆಸರಾಂತ ತಂತ್ರಾಂಶಗಳನ್ನು. ಗಂಗಾವತಿಯ ಆಚೆ ಯಾರೂ ಕೇಳಿರದ ತೂಕದ ತಂತ್ರಾಂಶಕ್ಕೆ ಅಲ್ಲಿಯೂ ಕೈಕೆಲಸವೇ ಗತಿ. ಉಚಿತವಾದ ಬಾಟಲ್ಸ್, ಒಂದೊಂದು ತಂತ್ರಾಂಶಕ್ಕೂ ಬೇರೆ ಬೇರೆ ಸಿ ಡ್ರೈವನ್ನು ಅಚ್ಚುಕಟ್ಟಾಗಿ ಇಟ್ಟುಕೊಡುವುದರಿಂದ ಹೊಸಬರಿಗೆ ಅದನ್ನೇ ಹೇಳುತ್ತೇನೆ.

ಕನ್ನಡ ಟೈಪಿಂಗಿಗಾಗಿ ನುಡಿ ತಂತ್ರಾಂಶವನ್ನು ವೈನ್ ಮೇಲೆ ಹಾಕಬೇಕೆನ್ನುವವರಿಗೆ ನನ್ನ ಉತ್ತರ ಬೇಡ ಎಂದೇ. ವೈನ್‌ನಲ್ಲಿ ಓಡುವ ಕೀಲಿಮಣೆ ತಂತ್ರಾಂಶಕ್ಕೆ ವೈನ್ ಹೊರಗಿನ ಲಿಬ್ರೆಆಫೀಸಿನಲ್ಲೋ ಫೈರ್‌ಫಾಕ್ಸಿನಲ್ಲೋ ಒತ್ತಿದ ಕೀಲಿಗಳು ತಲುಪುವುದಿಲ್ಲ. ಅದರ ಅಗತ್ಯವೂ ಇಲ್ಲ, ಏಕೆಂದರೆ ನುಡಿಯಲ್ಲಿ ಬಳಸುವ ಕಗಪ ವಿನ್ಯಾಸ ಲಿನಕ್ಸಿನ ಕೀಲಿಮಣೆ ಪಟ್ಟಿಯಲ್ಲೇ ಇದೆ, ಕೈಗೆ ಕೂತ ಅಭ್ಯಾಸವನ್ನು ಬಹುಪಾಲು ಬಿಡಬೇಕಿಲ್ಲ. ಹಳೆಯ ನುಡಿ ಕಡತಗಳನ್ನು ಓದಲು ಆ ಅಕ್ಷರಶೈಲಿಗಳನ್ನು ಲಿನಕ್ಸಿಗೆ ನಕಲಿಸಿದರೆ ಸಾಕು. ತಿದ್ದಬೇಕಾದರೆ ಯುನಿಕೋಡಿಗೆ ಪರಿವರ್ತಿಸಿಕೊಳ್ಳುವುದು ಮೇಲು. ‘ತೂಕವಾದ ಮೇಲೆ ಚೀಟಿ ಪಡೆಯದೆ ಗಾಡಿ ಕದಲಿಸಬಾರದು’ ಎಂಬ ಸೂಚನೆಯನ್ನು ಗುಮಾಸ್ತರು ಅದೇ ಯಂತ್ರದಲ್ಲಿ ಕನ್ನಡದಲ್ಲಿ ಟೈಪು ಮಾಡಿ ಕಿಟಕಿಗೆ ಅಂಟಿಸಿದ್ದಾರೆ. ಕೊಯ್ಲು ಮುಗಿದ ಮೇಲೂ ಸಾಹುಕಾರರು ಹಳೆಯ ಹಾರ್ಡ್ ಡಿಸ್ಕನ್ನು ಗಲ್ಲಾಪೆಟ್ಟಿಗೆಯಿಂದ ತೆಗೆಯಲು ಒಪ್ಪಿಲ್ಲ.