ತುರಹಳ್ಳಿ ಎಂಟಿಬಿ ಬ್ಯಾಚ್: ಮಳೆ ಬಂದರೆ ರೈಡ್ ಇಲ್ಲ, ಅದಕ್ಕೇ ಇಷ್ಟ ಆಯ್ತು

ಮೌಂಟನ್ ಬೈಕ್ (ಎಂಟಿಬಿ, ಅಂದರೆ ಕಾಡು-ಗುಡ್ಡದ ದಾರಿಗೆ ಅಂತಲೇ ಮಾಡಿದ ಸೈಕಲ್) ಓಡಿಸೋದು ಸರಿಯಾಗಿ ಕಲಿಯಬೇಕು ಅಂತ ಬೆಂಗಳೂರಿನ ಕನಕಪುರ ರಸ್ತೆ ಕಡೆಯ ಒಂದು ಚಿಕ್ಕ ತಂಡದ ವಾರಾಂತ್ಯದ ಬ್ಯಾಚಿಗೆ ಸೇರಿದ್ದೆ. ರೈಡ್ ತುರಹಳ್ಳಿ ಕಾಡಿನಲ್ಲಿ. ಫೀಸು ಸ್ವಲ್ಪ ಜಾಸ್ತಿಯೇ. ಆದರೆ ಹಿಂದಿನ ರಾತ್ರಿ ಜೋರು ಮಳೆ ಬಿದ್ದಿದ್ದರೆ ಇವರು ರೈಡನ್ನೇ ಕ್ಯಾನ್ಸಲ್ ಮಾಡುತ್ತಾರೆ, ದುಡ್ಡು ಮುಂದಿನ ವಾರಕ್ಕೆ ಜಮಾ. ಕೆಸರಲ್ಲಿ ಓಡಿಸೋದೇ ಮಜಾ ಅಲ್ವಾ ಅಂತ ಗೊಣಗುವವರು ಇದ್ದೇ ಇದ್ದಾರೆ. ನನಗೆ ಮಾತ್ರ ಈ ತಂಡದ ಮೇಲೆ ನಂಬಿಕೆ ಬಂದಿದ್ದೇ ಅದರಿಂದ.

ಒಂದು ಇಳಿಜಾರಿನಲ್ಲಿ ಎಲ್ಲರನ್ನೂ ಸೈಕಲ್‌ನಿಂದ ಇಳಿಸಿ ಒಂದು ಕೊರಕಲು ತೋರಿಸಿದರು. ಗೇಣುದ್ದ ಆಳ. ಒದ್ದೆ ಮಣ್ಣಲ್ಲಿ ಹಿಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದು ಚಕ್ರ ಜಾರಿಸಿದರೆ ಗೆರೆ ಬೀಳುತ್ತದೆ, ಮುಂದಿನ ಮಳೆಗೆ ನೀರೆಲ್ಲ ಅದೇ ಗೆರೆ ಹಿಡಿದು ಮಣ್ಣು ಕೊಚ್ಚಿಕೊಂಡು ಇಳಿಯುತ್ತದೆ. ಪಕ್ಕದ ಮರದ ಬೇರು ಆಗಲೇ ಹೊರಗೆ ಬಂದಿತ್ತು. ಕೊರಕಲು ತಪ್ಪಿಸೋಕೆ ಅಂತ ಬಂದವರೆಲ್ಲ ಹುಲ್ಲಿನ ಮೇಲೆ ಹತ್ತಿಸಿ ಹತ್ತಿಸಿ, ಕಾಲುದಾರಿ ಎತ್ತಿನಗಾಡಿ ಹೋಗುವಷ್ಟು ಅಗಲ ಆಗಿದೆ.

ಬ್ರೇಕ್ ಪಾಠ ಶುರುವಾಗಿದ್ದೂ ಅಲ್ಲೇ. ಸೊಂಟ ಹಿಂದೆ, ಎರಡೂ ಬ್ರೇಕ್ ಮೆಲ್ಲಗೆ, ಚಕ್ರ ಉರುಳುತ್ತಲೇ ಇರಬೇಕು. ಜಾರಿಸಿದವರು ಸೈಕಲ್ ತಳ್ಳಿಕೊಂಡು ಮತ್ತೆ ಮೇಲಕ್ಕೆ! ಹತ್ತುವವರಿಗೆ ಇಳಿಯುವವರು ದಾರಿ ಬಿಡಬೇಕು, ವಾಕಿಂಗ್ ಬಂದವರು ಎದುರಾದರೆ ನಿಲ್ಲಿಸಿಯೇ ಬಿಡಬೇಕು. ಇದರಲ್ಲಿ ಯಾರಿಗೂ ರಿಯಾಯಿತಿ ಇಲ್ಲ.

2021ರಲ್ಲಿ ತುರಹಳ್ಳಿಯಲ್ಲಿ ಟ್ರೀ ಪಾರ್ಕ್ (ಮರಗಳ ಉದ್ಯಾನ) ಮಾಡುವ ಯೋಜನೆ ಬಂದಾಗ ಬೇಡ ಅಂತ ಹೋರಾಡಿದವರಲ್ಲಿ ಸೈಕಲ್‌ನವರೂ ಇದ್ದರು. ಕಾಡು ಕಾಡಾಗಿಯೇ ಇರಲಿ ಅಂತ ಆಗ ಕೇಳಿದ ನಾವೇ ಈಗ ಮರಗಳ ಮಧ್ಯೆ ಹೊಸ ಶಾರ್ಟ್‌ಕಟ್ ಹೊಡೆದರೆ, ಸೈಕಲ್ ಹಾರಿಸೋ ದಿಬ್ಬ ಕಟ್ಟೋಕೆ ಅಂತ ಸಿಕ್ಕಲ್ಲಿ ಮಣ್ಣು ಅಗೆದರೆ ನಮ್ಮ ಮಾತಿಗೆ ಏನು ಬೆಲೆ? ಈ ತಂಡದವರು ಇರುವ ದಾರಿ ಬಿಟ್ಟು ಆಚೆ ಹೋಗಲು ಬಿಡುವುದಿಲ್ಲ. ಶಕ್ತಿಗೆ ಅಂತ ತಿನ್ನುವ ಜೆಲ್‌ನ ಖಾಲಿ ಕವರು, ಹರಿದ ಟ್ಯೂಬು ಎಲ್ಲವೂ ಅವರವರ ಜೇಬಲ್ಲೇ ವಾಪಸ್.

ಬೇಜಾರಾಗಿದ್ದು ಬಾಡಿಗೆ ಸೈಕಲ್ ವಿಷಯದಲ್ಲಿ. ನನಗೆ ಸಿಕ್ಕಿದ್ದರಲ್ಲಿ ಮುಂದಿನ ಬ್ರೇಕ್ ಪ್ಯಾಡ್ ಪೂರ್ತಿ ಸವೆದಿತ್ತು, ಹಾಗಾಗಿ ಭಾರವೆಲ್ಲ ಹಿಂದಿನ ಬ್ರೇಕಿನ ಮೇಲೇ ಬಿದ್ದು ಚಕ್ರ ಪದೇ ಪದೇ ಲಾಕ್ ಆಗಿ ಜಾರುತ್ತಿತ್ತು. ಕಾಡಿನ ದಾರಿಯ ಬಗ್ಗೆ ಇಷ್ಟು ಕಾಳಜಿ ಇರುವವರು ಮೊದಲು ಇದನ್ನು ಸರಿ ಮಾಡಬೇಕು. ಹೇಳಿದ್ದೇನೆ, ಬದಲಾಯಿಸುತ್ತೇವೆ ಅಂದಿದ್ದಾರೆ. ಸದ್ಯಕ್ಕೆ ಐದಕ್ಕೆ ನಾಲ್ಕು. ಸ್ವಂತ ಸೈಕಲ್ ಇದ್ದವರು ಅದನ್ನೇ ಒಯ್ಯಿರಿ.