ಸಾಗರದಿಂದ ಬೆಂಗಳೂರಿಗೆ ಒಂದು ಸೀಟು: ರೆಡ್‌ಬಸ್ ಸೇವೆಯನ್ನು ಕುರಿತು

ಮಲೆನಾಡಿನಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಓಡಾಡುವ ನಮ್ಮಂಥವರು ಬಸ್ ಟಿಕೆಟ್ ಕಾಯ್ದಿರಿಸುವ ರೆಡ್‌ಬಸ್ ಆ್ಯಪ್‌ನ ಬಗ್ಗೆ ಮಾತನಾಡುವಾಗ ಸಾಮಾನ್ಯವಾಗಿ ದರ ಮತ್ತು ರಿಯಾಯಿತಿಯ ವಿಚಾರಕ್ಕೇ ನಿಂತುಬಿಡುತ್ತೇವೆ. ಆದರೆ ಈ ಸೇವೆ ಏಕೆ ಹೀಗಿದೆ, ಎಲ್ಲಿ ಚೆನ್ನಾಗಿ ನಡೆಯುತ್ತದೆ, ಎಲ್ಲಿ ನಿಂತುಹೋಗುತ್ತದೆ ಎಂಬುದು ತಿಳಿಯಬೇಕಾದರೆ ಅದನ್ನು ಕಟ್ಟಿದ ಫಣೀಂದ್ರ ಸಾಮ ಅವರ ಉದ್ಯಮದ ಹಾದಿಯನ್ನೂ ಜೊತೆಯಲ್ಲಿಟ್ಟು ನೋಡಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ಈ ಸೇವೆ ಬರುವುದಕ್ಕೆ ಮುಂಚಿನ ವ್ಯವಸ್ಥೆಯನ್ನು ಕಂಡವರಿಗೆ ಅದರ ತೊಡಕು ನೆನಪಿರುತ್ತದೆ. ಒಂದೇ ಬಸ್ಸಿನ ಸೀಟುಗಳನ್ನು ಮಾಲೀಕರು ಊರೂರಿನ ಏಜೆಂಟರಿಗೆ ಇಷ್ಟಿಷ್ಟೆಂದು ಹಂಚಿರುತ್ತಿದ್ದರು. ಏಜೆಂಟರು ಕಾಗದದ ಚಾರ್ಟಿನಲ್ಲಿ ಹೆಸರು ಬರೆದು, ತಮ್ಮ ಪಾಲು ಮುಗಿದರೆ ಫೋನಿನಲ್ಲಿ ಇನ್ನೊಬ್ಬರನ್ನು ವಿಚಾರಿಸಿ, ಸಿಕ್ಕರೆ ಕೊಟ್ಟು, ಸಿಗದಿದ್ದರೆ ‘ಫುಲ್ಲಾಗಿದೆ’ ಎಂದು ಕಳಿಸುತ್ತಿದ್ದರು. ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ. ಇಡೀ ಬಸ್ಸಿನಲ್ಲಿ ಯಾವ ಸೀಟು ಖಾಲಿ ಇದೆ ಎಂಬುದು ಒಂದೇ ಕಡೆ ಯಾರಿಗೂ ಕಾಣುತ್ತಿರಲಿಲ್ಲ. ಹಬ್ಬಕ್ಕೆ ಊರಿಗೆ ಬಂದವರಿಗೆ ವಾಪಸು ಹೋಗುವ ಟಿಕೆಟ್ ಹೊಂದಿಸುವುದಂತೂ ಬೇರೆಯದೇ ಚಿಂತೆಯಾಗಿತ್ತು.

ಬಿಟ್ಸ್ ಪಿಲಾನಿಯಲ್ಲಿ ಓದಿ ಬೆಂಗಳೂರಿನ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿ ಎಂಜಿನಿಯರ್ ಆಗಿದ್ದ ಫಣೀಂದ್ರ ಅವರಿಗೆ 2005ರ ದೀಪಾವಳಿಯಲ್ಲಿ ಊರಿಗೆ ಹೋಗಲು ಹೈದರಾಬಾದ್ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಇಂಥ ತೊಂದರೆ ಪಟ್ಟವರು ಆಗ ಸಾವಿರಾರು ಮಂದಿ ಇದ್ದರು. ಫಣೀಂದ್ರ ಮಾತ್ರ ಏಜೆಂಟರನ್ನೂ ಬಸ್ ಮಾಲೀಕರನ್ನೂ ಹುಡುಕಿಕೊಂಡು ಹೋಗಿ ಈ ವ್ಯವಹಾರ ಹೇಗೆ ನಡೆಯುತ್ತದೆ ಎಂದು ವಿಚಾರಿಸಿ ತಿಳಿದುಕೊಂಡರು. ಚರಣ್ ಪದ್ಮರಾಜು, ಸುಧಾಕರ್ ಪಸುಪುನೂರಿ ಎಂಬ ಗೆಳೆಯರೊಂದಿಗೆ ಸೇರಿ ಮೊದಲು ಮಾಡಿದ್ದು ಬಸ್ ಮಾಲೀಕರಿಗೆಂದೇ ಒಂದು ಸಾಫ್ಟ್‌ವೇರ್. ಅದು ಮಾಲೀಕರಿಗೆ ಬೇಕಾಗಲಿಲ್ಲ. ಇಲ್ಲಿಯೇ ಅವರ ಕಸುಬುಗಾರಿಕೆ ಕಾಣುವುದು. ಉದ್ಯಮಿಗಳ ಸಂಘಟನೆಯಾದ ಟೈ ಮೂಲಕ ಅನುಭವಿಗಳ ಮಾರ್ಗದರ್ಶನ ಪಡೆದು, ಮಾಲೀಕರಿಗೆ ಯಂತ್ರವನ್ನು ಒಪ್ಪಿಸುವ ಹಟ ಬಿಟ್ಟು, ನಾವೇ ನಿಮ್ಮ ಸೀಟು ಮಾರಿಕೊಡುತ್ತೇವೆ ಎಂದು ಕೇಳಿ, ಕೆಲವೇ ಸೀಟುಗಳಿಂದ 2006ರಲ್ಲಿ ವ್ಯವಹಾರ ಆರಂಭಿಸಿದರು. ಬಂಡವಾಳ ಹೂಡಲು ಸೀಡ್‌ಫಂಡ್ ಮುಂದೆ ಬಂದಿತು. ನಂಬಿಕೆ ಬೆಳೆದ ಮೇಲೆ ಮಾಲೀಕರಿಗಾಗಿ ‘ಬಾಸ್’ ಎಂಬ ಸಾಫ್ಟ್‌ವೇರ್, ಏಜೆಂಟರಿಗಾಗಿ ‘ಸೀಟ್‌ಸೆಲ್ಲರ್’ ಎಂಬ ಜಾಲ ಸಿದ್ಧವಾದವು. ಏಜೆಂಟರನ್ನು ಹೊರಗಿಡದೆ ಅವರ ಮೇಜಿನ ಮೇಲೂ ಅದೇ ಸೀಟುಗಳ ಲೆಕ್ಕವನ್ನು ತಂದಿಟ್ಟದ್ದು ಬಹಳ ವಿವೇಕದ ನಡೆ. ಆ್ಯಪ್ ಮುಟ್ಟದ ಹಿರಿಯರೊಬ್ಬರು ಪೇಟೆಯ ಟ್ರಾವೆಲ್ಸ್ ಕಚೇರಿಗೆ ಹೋಗಿ ನಗದು ಕೊಟ್ಟು ದೂರದೂರಿನ ಟಿಕೆಟ್ ಪಡೆಯಬಲ್ಲರಾದರೆ ಅದು ಇಂಥ ಜಾಲಗಳಿಂದಲೇ. 2013ರಲ್ಲಿ ಸಂಸ್ಥೆಯು ಆನ್‌ಲೈನ್ ಪ್ರಯಾಣ ಸೇವೆಯ ಐಬಿಬೊ ಗುಂಪಿಗೆ ಮಾರಾಟವಾಯಿತು. ಮರುವರ್ಷ ಫಣೀಂದ್ರ ಹೊರಬಂದರು, ಮುಂದೆ ತೆಲಂಗಾಣ ಸರ್ಕಾರದ ಮುಖ್ಯ ನಾವೀನ್ಯ ಅಧಿಕಾರಿಯಾಗಿಯೂ ದುಡಿದರು. 2017ರಿಂದ ಐಬಿಬೊ ಜೊತೆಗೆ ರೆಡ್‌ಬಸ್ ಕೂಡ ಮೇಕ್‌ಮೈಟ್ರಿಪ್ ತೆಕ್ಕೆಯಲ್ಲಿದೆ.

ಇನ್ನು ಬಳಕೆಯ ಮಾತು. ಸಾಗರದಿಂದ ಹೊರಡುವ ಬಸ್ಸನ್ನು ಹುಡುಕಿದರೆ ಸೀಟುಗಳ ನಕ್ಷೆ ತೆರೆದುಕೊಳ್ಳುತ್ತದೆ. ಕೆಳಗಿನ ಸ್ಲೀಪರ್ ಯಾವುದು, ಹಿಂದಿನ ಗಾಲಿಯ ಮೇಲೆ ಬರುವ ಸೀಟು ಯಾವುದು, ಮಹಿಳೆಯರಿಗೆ ಮೀಸಲಾದದ್ದು ಯಾವುದು ಎಂದು ನೋಡಿ ಆರಿಸಿಕೊಳ್ಳಬಹುದು. ಮಂಡಿನೋವಿನ ತಾಯಿಯನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ಯುವವರಿಗೆ ಕೆಳಗಿನ ಬರ್ತ್ ಖಾತರಿಯಾಗುವುದು ಸಣ್ಣ ಸಂಗತಿಯಲ್ಲ. ಹತ್ತುವ ಜಾಗಗಳ ಪಟ್ಟಿಯಲ್ಲಿ ಆನಂದಪುರ, ಆಯನೂರು, ಶಿವಮೊಗ್ಗ ಎಂದು ಸಮಯದ ಸಹಿತ ಇರುತ್ತದೆ. ಬಸ್ಸು ಎಲ್ಲಿದೆ ಎಂದು ನಕ್ಷೆಯಲ್ಲಿ ತೋರಿಸುವ ಸೌಲಭ್ಯ ಎಲ್ಲ ಬಸ್ಸುಗಳಿಗೂ ಇಲ್ಲ, ಇರುವ ಕಡೆ ಆಷಾಢದ ಮಳೆಯಲ್ಲಿ ಅದರ ಬೆಲೆ ಗೊತ್ತಾಗುತ್ತದೆ: ಬಸ್ಸು ಸಮೀಪಿಸುವವರೆಗೆ ಪರಿಚಯದವರ ಮನೆಯೊಳಗೆ ಬೆಚ್ಚಗೆ ಕುಳಿತಿರಬಹುದು, ಮುಚ್ಚಿದ ಅಂಗಡಿಯ ಸೂರಿನಡಿ ಚೀಲ ಹಿಡಿದು ನೆನೆಯುವುದು ತಪ್ಪುತ್ತದೆ.

ಬಸ್ಸು ಮಾತ್ರ ರೆಡ್‌ಬಸ್ಸಿನದಲ್ಲ ಎಂಬುದನ್ನು ಮರೆಯಬಾರದು. ಒಮ್ಮೆ ಖಾಸಗಿ ಟ್ರಾವೆಲ್ಸ್ ಒಂದು ಹೊರಡುವ ಹೊತ್ತಿಗೆ ಹತ್ತುವ ಜಾಗವನ್ನೇ ಬದಲಿಸಿ, ನಾವು ಮನೆಮಂದಿಯೆಲ್ಲ ಆಟೋ ಹಿಡಿದು ಓಡುವಂತೆ ಮಾಡಿತ್ತು. ಮಾಲೀಕರ ಶಿಸ್ತು ಆಯಾ ಮಾಲೀಕರಿಗೆ ಬಿಟ್ಟದ್ದು. ಆದ್ದರಿಂದ ಪ್ರಯಾಣಿಕರು ಬರೆದ ಇತ್ತೀಚಿನ ಅಭಿಪ್ರಾಯಗಳನ್ನೂ, ಒಂದೊಂದು ಬಸ್ಸಿಗೆ ಒಂದೊಂದು ರೀತಿ ಇರುವ ರದ್ದತಿಯ ನಿಯಮವನ್ನೂ ಹಣ ಕಟ್ಟುವ ಮೊದಲೇ ಓದಿಕೊಳ್ಳುವುದು ಅಗತ್ಯ.

ದೊಡ್ಡ ಕೊರತೆ ಇರುವುದು ಮಲೆನಾಡಿನ ಒಳದಾರಿಗಳಲ್ಲಿ. ಸೀಟಿಗೆ ನಂಬರಿಲ್ಲದ, ಕಂಡಕ್ಟರ್ ಬಳಿಯೇ ಟಿಕೆಟ್ ಕೊಳ್ಳುವ, ಕೈ ಅಡ್ಡ ಹಿಡಿದಲ್ಲೆಲ್ಲ ನಿಲ್ಲುವ ಸಣ್ಣ ಬಸ್ಸುಗಳಿಗೆ ಈ ಲೆಕ್ಕದಲ್ಲಿ ಜಾಗವಿಲ್ಲ. ಕೊಪ್ಪದಲ್ಲಿ ಕಾರ್ಮಿಕರೇ 1991ರಲ್ಲಿ ಕಟ್ಟಿ ಬೆಳೆಸಿದ ಸಹಕಾರ ಸಾರಿಗೆ 2020ರಲ್ಲಿ ನಿಂತ ಮೇಲೆ ಹಳ್ಳಿಗಳ ಓಡಾಟ ಮತ್ತಷ್ಟು ಕಷ್ಟವಾಗಿದೆ. ಹೊಸನಗರದ ಒಳಹಳ್ಳಿಯವರಿಗೆ ಬೆಂಗಳೂರಿನ ಸ್ಲೀಪರ್ ಬೆರಳ ತುದಿಯಲ್ಲಿ ಸಿಗುತ್ತದೆ, ಅದನ್ನು ಹತ್ತಲು ಪೇಟೆಗೆ ಬರುವ ಸಂಜೆಯ ಬಸ್ಸು ಇವತ್ತು ಇದೆಯೋ ಇಲ್ಲವೋ ಎಂಬುದು ತಿಳಿಯುವುದಿಲ್ಲ. ಶಿವಮೊಗ್ಗದ ಎಂಜಿನಿಯರಿಂಗ್ ಕಾಲೇಜುಗಳಿಂದ ಹೊರಬರುವ ಹುಡುಗ ಹುಡುಗಿಯರು ಯಾರಾದರೂ ಈ ಹಳ್ಳಿ ಬಸ್ಸುಗಳ ಮಾಹಿತಿ ಒದಗಿಸುವ ಕೆಲಸ ಕೈಗೆತ್ತಿಕೊಳ್ಳುವುದಾದರೆ, ಆ್ಯಪ್ ಬರೆಯುವ ಮೊದಲು ಖಾಸಗಿ ಬಸ್ ನಿಲ್ದಾಣದಲ್ಲಿ ಕೆಲವು ವಾರ ಕಳೆದು ಕಂಡಕ್ಟರುಗಳ ಜೊತೆ ಮಾತನಾಡಲಿ.

ದೂರದ ರಾತ್ರಿ ಪ್ರಯಾಣಕ್ಕೆ ರೆಡ್‌ಬಸ್ಸನ್ನು ನಾನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಹಬ್ಬದ ವಾರಗಳಲ್ಲಿ ಖಾಸಗಿ ಬಸ್ಸಿನ ದರ ಏರುವುದರಿಂದ, ಕೆಎಸ್‌ಆರ್‌ಟಿಸಿಯ ಸ್ವಂತ ಬುಕಿಂಗ್ ತಾಣದಲ್ಲಿಯೂ ಶಿವಮೊಗ್ಗದಿಂದ ಹೊರಡುವ ರೈಲಿನಲ್ಲಿಯೂ ಜಾಗವಿದೆಯೇ ಎಂದು ನೋಡಿಕೊಂಡೇ ಟಿಕೆಟ್ ಮಾಡಿಸುವುದು ಒಳ್ಳೆಯದು.