ಮಲ್ಪೆಯಲ್ಲಿ ಮಾಡಿಸಿದ ಇಂಜಿನ್ ಸರ್ವಿಸ್: ಐದರಲ್ಲಿ ಮೂರು ಸ್ಟಾರ್

ವರ್ಕ್‌ಶಾಪಿನ ಹೆಸರು ಬರೆಯುವುದಿಲ್ಲ. ಕಳೆದ ಆಗಸ್ಟಿನಲ್ಲಿ ಕೇಳಿದ್ದರೆ ಒಂದು ಸ್ಟಾರೂ ಕೊಡುತ್ತಿರಲಿಲ್ಲ.

ಜೂನ್ 1ರಿಂದ ಜುಲೈ 31ರ ತನಕ ಮೀನು ಹಿಡಿಯುವ ಬೋಟಿಗೆ ರಜೆ ಅಲ್ವಾ, ಆಗಲೇ ನಮ್ಮ ಟ್ರಾಲ್ ಬೋಟಿನ ಇಂಜಿನ್ ಬಿಚ್ಚಿಸಿದೆ. ಕೆಲಸ ಚೊಕ್ಕ. ಹಳೇ ನಾಝಲ್, ಗ್ಯಾಸ್ಕೆಟ್ ಎಲ್ಲ ಚೀಲದಲ್ಲಿ ಕಟ್ಟಿ ಕೈಗೇ ಕೊಟ್ಟರು. ಹೇಳಿದ್ದಕ್ಕಿಂತ ಒಂದು ರೂಪಾಯಿ ಜಾಸ್ತಿ ಕೇಳಲಿಲ್ಲ.

ಮೊದಲ ಟ್ರಿಪ್ಪಿಗೆ ಹೊರಟೆವು. ಬೋಟು ಕಟ್ಟುವ ದಕ್ಕೆಯಲ್ಲಿ ಇಂಜಿನ್ ಸದ್ದು ಸರಿಯಾಗಿಯೇ ಇತ್ತು. ಹೊಳೆ ಕಡಲು ಸೇರುವ ಅಳಿವೆಯಲ್ಲಿ ರೇಸ್ ಕೊಟ್ಟರೆ ಬೋಟು ಎಳೆಯುವುದೇ ಇಲ್ಲ! ಬರೀ ಕಪ್ಪು ಹೊಗೆ. ಎದುರಿಗೆ ಅಲೆ, ಬದಿಗೆ ಕಲ್ಲು. ಬೋಟು ನಡೆಸುವ ತಂಡೇಲ ನನ್ನ ಮುಖ ನೋಡಿದ, ನಾನು ಹೊಗೆ ನೋಡಿದೆ. ಹಿಂದಿನ ಬೋಟಿನವರು ಹಗ್ಗ ಎಸೆದು ದಕ್ಕೆಗೆ ಎಳೆದು ತಂದರು, ಪುಣ್ಯ.

ಏರ್ ಫಿಲ್ಟರಿನ ಪೈಪ್ ಬಿಚ್ಚಿದರೆ ಒಳಗೆ ಹಳೇ ಲುಂಗಿಯ ತುಂಡು! ಕಸ ಬೀಳದಿರಲಿ ಅಂತ ಹುಡುಗ ತುರುಕಿದ್ದ. ತೆಗೆಯಲು ಮರೆತಿದ್ದ. ಮೆಲ್ಲ ಓಡುವಾಗ ಗಾಳಿ ಸಾಕಾಗಿದೆ, ರೇಸ್ ಕೊಟ್ಟಾಗ ಇಂಜಿನ್ನಿಗೆ ಉಸಿರು ಕಟ್ಟಿದೆ.

ಮನೆಯಲ್ಲಿ ನಾನು ಕೂಗಾಡುತ್ತಿದ್ದರೆ ಅಳಿಯ ಮೊಬೈಲ್ ಹಿಡಿದು ಬಂದ. "ಮಾವ, ನಿಮ್ಮದು ಲುಂಗಿ ತುಂಡು. ಬ್ರಿಟಿಷರದ್ದು ವಿಮಾನವೇ ಹೋಗಿದೆ ಮಾರಾಯ್ರೆ."

ನಿಜವೇ. 2021ರ ನವೆಂಬರ್ 17, ಮೆಡಿಟರೇನಿಯನ್ ಸಮುದ್ರ. ಕ್ವೀನ್ ಎಲಿಜಬೆತ್ ಎಂಬ ಯುದ್ಧಹಡಗಿನಿಂದ ಎಫ್-35ಬಿ ಯುದ್ಧವಿಮಾನ ಹಾರಲು ಹೊರಟಿತ್ತು. ನಿಲ್ಲಿಸಿಟ್ಟಾಗ ಗಾಳಿಯ ಬಾಯಿಗೆ ಹಾಕುವ ಕೆಂಪು ಮುಚ್ಚಳ ಒಂದು ಒಳಗೇ ಉಳಿದು ಜಾರಿ ಹೋಗಿತ್ತು. ಕಣ್ಣಿಗೆ ಬೀಳಲಿ ಅಂತಲೇ ಕೆಂಪು ಬಣ್ಣ, ಆದರೂ ಯಾರಿಗೂ ಕಾಣಲಿಲ್ಲ. ಇಂಜಿನ್ನಿಗೆ ಬೇಕಾದಷ್ಟು ಬಲ ಬರಲಿಲ್ಲ. ಪೈಲಟ್ ನಿಲ್ಲಿಸಲು ನೋಡಿದರು, ಅಷ್ಟರಲ್ಲಿ ಡೆಕ್ ಮುಗಿದಿತ್ತು. ಅವರು ಸೀಟು ಸಮೇತ ಚಿಮ್ಮಿ ಬದುಕಿದರು. ವಿಮಾನ ನೀರಿಗೆ ಬಿತ್ತು. ಅದನ್ನು ಕಡಲಿನ ತಳದಿಂದ ಎತ್ತಲು ವಾರಗಳೇ ಹಿಡಿದವು. ನಮ್ಮ ಅಳಿವೆಯ ಹೊಗೆ ನೆನಪಾಗಿ ಹೊಟ್ಟೆಯೊಳಗೆ ನಡುಕ ಬಂತು.

ಆ ವಿಮಾನಕ್ಕೆ ಹೋಲಿಸಿದರೆ ನಮ್ಮ ಬೋಟು ಏನೂ ಅಲ್ಲ. ಆದರೆ ನನ್ನ ಸಾಲ ಇರುವುದು ಅದರ ಮೇಲೆ.

ವರ್ಕ್‌ಶಾಪಿನ ಯಜಮಾನರು ವಾದ ಮಾಡಲಿಲ್ಲ. "ತಪ್ಪು ನಮ್ಮದೇ ಅಣ್ಣ" ಅಂದರು, ಎಳೆದು ತಂದ ಬೋಟಿನ ಡೀಸೆಲ್ ದುಡ್ಡನ್ನೂ ಅವರೇ ಕೊಟ್ಟರು. ಅದಕ್ಕೇ ಈ ವರ್ಷವೂ ಅವರಿಗೇ ಕೊಟ್ಟೆ. ಈಗ ತುರುಕುವುದು ಕೆಂಪು ಬಟ್ಟೆ, ಅದಕ್ಕೆ ಹೊರಗೆ ನೇತಾಡುವ ಉದ್ದ ಬಾಲ. ಇಂಜಿನ್ ರೂಮಿನ ಬಾಗಿಲಲ್ಲಿ ಚಾಕ್‌ನಿಂದ "ಬಟ್ಟೆ 4" ಅಂತ ಬರೆಯುತ್ತಾರೆ.

ಕೊನೇ ದಿನ ನಾನೇ ನಿಂತು ಎಣಿಸಿದೆ. ಮೂರೇ ಸಿಕ್ಕಿತು. ಎದೆ ಧಸಕ್ಕೆಂದಿತು. ಪೈಪೆಲ್ಲ ಪುನಃ ಬಿಚ್ಚಿಸಿದೆ. ನಾಲ್ಕನೆಯದು ಹುಡುಗನ ಹೆಗಲ ಮೇಲಿತ್ತು, ಬೆವರು ಒರೆಸುತ್ತಿದ್ದ.